ಅಂಗಳದಲ್ಲಿ ಓಡುವ ಕ್ರಾಲರ್ ಬಂಡೆ ಮೇಲೆ ಯಾಕೆ ನಿಲ್ಲುತ್ತದೆ? ದೋಷ ಹುಡುಕುವ ಕ್ರಮ

ಹೊಸದಾಗಿ ಕಟ್ಟಿದ ಆರ್‌ಸಿ ಕ್ರಾಲರ್, ಅಂದರೆ ರಿಮೋಟಿನಲ್ಲಿ ಓಡಿಸುವ, ಬಂಡೆ ಹತ್ತುವ ಪುಟ್ಟ ಗಾಡಿ, ಮನೆ ಅಂಗಳದಲ್ಲಿ ಚೆನ್ನಾಗಿ ಓಡುತ್ತದೆ. ಮೆಟ್ಟಿಲು ಹತ್ತುತ್ತದೆ, ತೆಂಗಿನ ಕಟ್ಟೆ ದಾಟುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಪಾದೆಗೆ, ಅಂದರೆ ಬಂಡೆಗೆ, ಒಯ್ದು ಬಿಟ್ಟರೆ ಅರ್ಧ ಹತ್ತಿ ನಿಂತುಬಿಡುತ್ತದೆ. ಕೆಳಗೆ ತಂದು ನೆಲದ ಮೇಲೆ ಇಟ್ಟರೆ ಏನೂ ಆಗದ ಹಾಗೆ ಮತ್ತೆ ಓಡುತ್ತದೆ. ಮಂಗಳೂರು, ಉಡುಪಿ ಕಡೆ ಈ ಹವ್ಯಾಸಕ್ಕೆ ಬಿದ್ದವರಿಂದ ನಾನು ಜಾಸ್ತಿ ಕೇಳುವ ದೂರು ಇದೇ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಹೊಸ ಮೋಟಾರ್ ಅಥವಾ ಹೊಸ ಇಎಸ್‌ಸಿ (ಮೋಟಾರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಭಾಗ) ತರಿಸುವುದು. ದುಡ್ಡು ಹೋಗುತ್ತದೆ, ಗಾಡಿ ಅದೇ ಕಲ್ಲಿನ ಮೇಲೆ ಮತ್ತೆ ನಿಲ್ಲುತ್ತದೆ. ನಾನು ನೋಡಿದ ಮಟ್ಟಿಗೆ ಕ್ರಾಲರ್‌ನಲ್ಲಿ ಬಿಡಿಭಾಗ ಸಾಯುವುದು ಕಡಿಮೆ. ಎರಡು ಬಿಡಿಭಾಗಗಳ ನಡುವಿನ ಜೋಡಣೆ ಸೋಲುವುದೇ ಜಾಸ್ತಿ. ವೈರಿಗೂ ಕನೆಕ್ಟರಿಗೂ ನಡುವೆ, ಗ್ರಬ್ ಸ್ಕ್ರೂಗೂ (ಗೇರನ್ನು ಶಾಫ್ಟಿಗೆ ಬಿಗಿಯುವ ತಲೆಯಿಲ್ಲದ ಸಣ್ಣ ಸ್ಕ್ರೂ) ಶಾಫ್ಟಿಗೂ ನಡುವೆ, ಸರ್ವೋ (ಸ್ಟೇರಿಂಗ್ ತಿರುಗಿಸುವ ಸಣ್ಣ ಮೋಟಾರ್) ಕೇಳುವ ಕರೆಂಟಿಗೂ ಅದಕ್ಕೆ ಸಿಗುವ ಕರೆಂಟಿಗೂ ನಡುವೆ. ಹಾಗಾಗಿ ಈ ಬರಹದ ಕ್ರಮ ಒಂದೇ: ಮೊದಲು ಜೋಡಣೆ ನೋಡಿ, ಆಮೇಲೆ ಬಿಡಿಭಾಗದ ಮೇಲೆ ಅನುಮಾನ ಪಡಿ.

ಇಲ್ಲಿ ಹೇಳುವುದೆಲ್ಲ 1/10 ಅಳತೆಯ ಗಾಡಿಗಳಿಗೆ. ಆಕ್ಸಿಯಲ್ ಎಸ್‌ಸಿಎಕ್ಸ್10, ಟ್ರಾಕ್ಸಸ್ ಟಿಆರ್‌ಎಕ್ಸ್-4 ಥರದವು, ಇಲ್ಲವೇ ಅದೇ ಅಳತೆಯಲ್ಲಿ ಬಿಡಿಬಿಡಿಯಾಗಿ ತರಿಸಿ ಕಟ್ಟಿದ್ದು. 540 ಗಾತ್ರದ ಬ್ರಶ್ ಮೋಟಾರ್, 2ಎಸ್ ಅಥವಾ 3ಎಸ್ ಲಿಪೋ (ಎರಡು ಅಥವಾ ಮೂರು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ), 2.4 ಗಿಗಾಹರ್ಟ್ಸ್ ರಿಮೋಟ್ ಇದೆ ಅಂತ ಇಟ್ಟುಕೊಳ್ಳೋಣ. ಕೈಯಲ್ಲಿ ಒಂದು ಸಾದಾ ಮಲ್ಟಿಮೀಟರ್, 1.5, 2 ಮತ್ತು 2.5 ಮಿ.ಮೀ. ಹೆಕ್ಸ್ ಡ್ರೈವರ್, ಲಿಪೋ ಸೆಲ್ ಚೆಕರ್, ಸರಿ ಇದೆ ಅಂತ ಗೊತ್ತಿರುವ ಇನ್ನೊಂದು ಬ್ಯಾಟರಿ, ಮತ್ತೆ ಒಂದು ಬಿಳಿ ಕರೆಕ್ಷನ್ ಪೆನ್ ಬೇಕು. ಪೆನ್ ಯಾಕೆ ಅಂತ ಮುಂದೆ ಹೇಳುತ್ತೇನೆ. ಇಡೀ ಪಟ್ಟಿಯಲ್ಲಿ ತುಂಬ ಉಪಯೋಗಕ್ಕೆ ಬರುವುದು ಅದೇ.

ನಿಂತ ಕೂಡಲೇ ಎತ್ತಬೇಡಿ

ಗಾಡಿ ಬಂಡೆ ಮೇಲೆ ನಿಂತಾಗ ಕೈ ತಾನಾಗಿ ಅದರ ಕಡೆ ಹೋಗುತ್ತದೆ. ಎತ್ತಿಬಿಟ್ಟರೆ ಅರ್ಧ ಸುಳಿವು ಅಲ್ಲೇ ಕಳೆದುಹೋಯಿತು. ಅದು ಎಲ್ಲಿ ನಿಂತಿದೆಯೋ ಅಲ್ಲೇ ಇರಲಿ. ಹತ್ತಿರ ಹೋಗಿ ಕೂತುಕೊಳ್ಳಿ. ರಿಮೋಟಿನ ಸ್ಟೇರಿಂಗ್ ನಿಧಾನಕ್ಕೆ ತಿರುಗಿಸಿ, ಮುಂದಿನ ಚಕ್ರ ಅಲುಗುತ್ತದಾ ನೋಡಿ. ಥ್ರಾಟಲ್ ಸ್ವಲ್ಪ ಒತ್ತಿ, ಮೋಟಾರ್ ಸದ್ದು ಮಾಡುತ್ತದಾ ಕೇಳಿ. ರಿಸೀವರಿನ (ಗಾಡಿಯಲ್ಲಿ ರಿಮೋಟಿನ ಸಿಗ್ನಲ್ ಹಿಡಿಯುವ ಭಾಗದ) ದೀಪ ಕಾಣುವ ಹಾಗಿದ್ದರೆ ಅದು ಸ್ಥಿರವಾಗಿ ಉರಿಯುತ್ತಿದೆಯಾ, ಮಿನುಗುತ್ತಿದೆಯಾ ಗಮನಿಸಿ.

ಸ್ಟೇರಿಂಗೂ ಇಲ್ಲ, ಮೋಟಾರೂ ಇಲ್ಲ, ಒಂದೆರಡು ಸೆಕೆಂಡಿನಲ್ಲಿ ಎರಡೂ ವಾಪಸು ಬಂತು ಅಂದರೆ ರಿಸೀವರಿಗೆ ಹೋಗುವ ಕರೆಂಟು ಕುಸಿದಿದೆ. ಸ್ಟೇರಿಂಗ್ ಸರಿ ಇದೆ, ಮೋಟಾರ್ ಮಾತ್ರ ಸುಮ್ನೆ ಇದೆ ಅಂದರೆ ಬ್ಯಾಟರಿ, ಇಎಸ್‌ಸಿ, ಮೋಟಾರ್ ಇವುಗಳ ದಾರಿಯಲ್ಲಿ ಹುಡುಕಬೇಕು. ಮೋಟಾರ್ ಗುಂಯ್ ಅನ್ನುತ್ತದೆ, ಚಕ್ರ ತಿರುಗುವುದಿಲ್ಲ ಅಂದರೆ ವಿದ್ಯುತ್ತಿನ ಕಡೆ ಹೋಗಲೇಬೇಡಿ. ಗೇರ್, ಶಾಫ್ಟ್, ಪಿನ್ ಇವುಗಳಲ್ಲಿ ಎಲ್ಲೋ ಹಿಡಿತ ಬಿಟ್ಟಿದೆ. ಈ ಮೂರನ್ನು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಯಾವ ಕಲ್ಲಿನ ಮೇಲೆ ನಿಂತಿತು?

ಇದನ್ನು ಕೇಳದೆ ನಾನು ಯಾರ ಗಾಡಿಯನ್ನೂ ಬಿಚ್ಚುವುದಿಲ್ಲ. ನಮ್ಮಲ್ಲಿ ಕ್ರಾಲರ್ ಓಡಿಸುವ ಕಲ್ಲು ಮುಖ್ಯವಾಗಿ ಎರಡು ಬಗೆ, ಎರಡೂ ಗಾಡಿಯ ಬೇರೆ ಬೇರೆ ಭಾಗಕ್ಕೆ ಭಾರ ಹಾಕುತ್ತವೆ.

ಮಣಿಪಾಲದ ಗುಡ್ಡ, ಕೊಣಾಜೆ, ಬಜ್ಪೆ ಕಡೆಯ ಪದವು (ಗುಡ್ಡದ ಮೇಲಿನ ಬಯಲು) ಎಲ್ಲ ಮುರಕಲ್ಲು. ಮೇಲ್ಮೈ ತುಂಬ ಗುಂಡಿ, ತೂತು, ಚೂಪು ಅಂಚು. ಟಯರಿನ ಅಂಚು ಒಂದು ಗುಂಡಿಯೊಳಗೆ ಕೂತುಬಿಡುತ್ತದೆ. ಆಗ ನೀವು ಸ್ಟೇರಿಂಗ್ ತಿರುಗಿಸಿದರೆ ಚಕ್ರ ತಿರುಗಲು ಜಾಗವೇ ಇಲ್ಲ. ಸರ್ವೋ ಕಲ್ಲನ್ನೇ ತಳ್ಳುತ್ತದೆ. ಹಾಗಾಗಿ ಮುರಕಲ್ಲಿನ ಮೇಲೆ, ಅದೂ ಸ್ಟೇರಿಂಗ್ ತಿರುಗಿಸುವ ಹೊತ್ತಿಗೇ ಗಾಡಿ ಸತ್ತರೆ ನನ್ನ ಮೊದಲ ಅನುಮಾನ ಸರ್ವೋಗೆ ಹೋಗುವ ಕರೆಂಟಿನ ಮೇಲೆ.

ಕಾರ್ಕಳದ ಕಡೆಯದು ಗ್ರಾನೈಟ್ ಬಂಡೆ. 1432ರ ಗೊಮ್ಮಟ ನಿಂತಿರುವುದೂ ಅಂಥದ್ದೇ ಬಂಡೆಯ ಮೇಲೆ. ಇಲ್ಲಿ ಗುಂಡಿ ಕಡಿಮೆ, ಉದ್ದದ ನುಣುಪು ಇಳಿಜಾರು ಜಾಸ್ತಿ. ಸ್ಟೇರಿಂಗಿಗೆ ಕಷ್ಟವಿಲ್ಲ. ಆದರೆ ಮೋಟಾರ್ ನಿಮಿಷಗಟ್ಟಲೆ ಭಾರ ಹೊತ್ತು ನಿಧಾನಕ್ಕೆ ತಿರುಗುತ್ತದೆ. ಇಂಥ ಏರಿನಲ್ಲಿ, ಸುಮಾರು ಹೊತ್ತು ಓಡಿದ ಮೇಲೆ ನಿಂತರೆ ಬ್ಯಾಟರಿಯ ವೋಲ್ಟೇಜ್ ಮತ್ತು ಮೋಟಾರಿನ ಬಿಸಿ ನೋಡಬೇಕು.

ಸಮುದ್ರದ ಬಂಡೆ ಮೂರನೆಯದು. ಕಾಪು ದೀಪಸ್ತಂಭದ ಬುಡ, ಸೋಮೇಶ್ವರದ ಬಂಡೆಗಳು. ಅಲ್ಲಿ ದೋಷ ಅದೇ ದಿನ ಕಾಣುವುದು ಅಪರೂಪ, ಅದರ ಕಥೆ ಕೊನೆಗೆ. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಮಾತ್ರ ಗಾಡಿ ಒಯ್ಯಬೇಡಿ. ಆ ಕಂಬದಂಥ ಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಾರ್ಕಳದ ಗೊಮ್ಮಟನ ಗುಡ್ಡಕ್ಕೂ ಅದೇ ಮಾತು. ನಮಗೆ ಆಡಲು ಬೇರೆ ಕಲ್ಲು ಬೇಕಾದಷ್ಟು ಉಂಟು.

ಎಲ್ಲವೂ ಒಟ್ಟಿಗೆ ಸತ್ತರೆ: ಬಿಇಸಿ ಮತ್ತು ಸರ್ವೋ

ಇಎಸ್‌ಸಿಯ ಒಳಗೇ ಬಿಇಸಿ ಅಂತ ಒಂದು ಸಣ್ಣ ಭಾಗ ಇರುತ್ತದೆ. ಬ್ಯಾಟರಿಯ 7.4 ಅಥವಾ 11.1 ವೋಲ್ಟನ್ನು 5 ಅಥವಾ 6 ವೋಲ್ಟಿಗೆ ಇಳಿಸಿ ರಿಸೀವರಿಗೂ ಸರ್ವೋಗೂ ಕೊಡುವುದು ಅದರ ಕೆಲಸ. ಸಾದಾ ಇಎಸ್‌ಸಿಗಳಲ್ಲಿ ಇದು ಕೊಡುವುದು 2ರಿಂದ 3 ಆಂಪಿಯರ್. ಗಾಡಿ ಕಟ್ಟುವಾಗ ನಾವು ಮಾಡುವ ಮೊದಲ ಸುಧಾರಣೆ ಏನು? 25 ಕೆ.ಜಿ. ಅಥವಾ 35 ಕೆ.ಜಿ. ಟಾರ್ಕಿನ ಸರ್ವೋ ಹಾಕುವುದು. ಆ ಸರ್ವೋ ಪೂರ್ತಿ ಸಿಕ್ಕಿಹಾಕಿಕೊಂಡಾಗ ಅದೊಂದೇ 3 ಆಂಪಿಯರ್ ಅಥವಾ ಅದಕ್ಕಿಂತ ಜಾಸ್ತಿ ಎಳೆಯಬಹುದು. ಒಂದೇ ಪೈಪಿನಲ್ಲಿ ಬಚ್ಚಲಿಗೂ ಅಡುಗೆಮನೆಗೂ ನೀರು ಬರುವ ಮನೆಯಲ್ಲಿ ಬಚ್ಚಲ ನಲ್ಲಿ ಪೂರ್ತಿ ಬಿಟ್ಟರೆ ಅಡುಗೆಮನೆಯಲ್ಲಿ ತೊಟ್ಟಿಕ್ಕುತ್ತದಲ್ಲ, ಹಾಗೆ ರಿಸೀವರಿನ ಪಾಲಿಗೆ ಏನೂ ಉಳಿಯುವುದಿಲ್ಲ. ಮಾದರಿಗೆ ತಕ್ಕಂತೆ 3.5ರಿಂದ 4 ವೋಲ್ಟಿನ ಆಸುಪಾಸಿಗೆ ಇಳಿದರೆ ರಿಸೀವರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಆ ಒಂದೆರಡು ಸೆಕೆಂಡು ಗಾಡಿ ಯಾರ ಮಾತೂ ಕೇಳುವುದಿಲ್ಲ.

ಅಂಗಳದಲ್ಲಿ ಇದು ಯಾಕೆ ಕಾಣುವುದಿಲ್ಲ ಅಂದರೆ ಅಲ್ಲಿ ಚಕ್ರ ಆರಾಮವಾಗಿ ತಿರುಗುತ್ತದೆ, ಸರ್ವೋ ಯಾವತ್ತೂ ಸಿಕ್ಕಿಕೊಳ್ಳುವುದಿಲ್ಲ. ಕ್ರಾಲರಿನ ಮುಂದಿನ ಆಕ್ಸಲ್ ಲಾಕ್ ಆಗಿರುತ್ತದೆ ಅನ್ನುವುದೂ ಇಲ್ಲಿ ಸೇರಿಕೊಳ್ಳುತ್ತದೆ. ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುವುದರಿಂದ ತಿರುವಿನಲ್ಲಿ ಟಯರ್ ಉಜ್ಜುತ್ತದೆ, ಸರ್ವೋಗೆ ಇನ್ನೂ ಭಾರ.

ಪರೀಕ್ಷೆ ತುಂಬ ಸುಲಭ, ದುಡ್ಡು ಬೇಡ. ಮಣಿಪಾಲದ ಒಬ್ಬ ವಿದ್ಯಾರ್ಥಿ ಹೊಸ ಇಎಸ್‌ಸಿ ಆರ್ಡರ್ ಮಾಡುವ ಮೊದಲು ಫೋನ್ ಮಾಡಿದ್ದ. “ಅಣ್ಣ, ಇಎಸ್‌ಸಿ ಹೋಗಿದೆ ಅಂತ ಕಾಣುತ್ತದೆ. ಪಾದೆ ಮೇಲೆ ಪ್ರತಿಸಲ ಆಫ್ ಆಗುತ್ತದೆ.” ನಾನು ಹೇಳಿದೆ, “ಸರ್ವೋ ವೈರನ್ನು ರಿಸೀವರಿನಿಂದ ತೆಗೆದು ಅದೇ ಕಲ್ಲು ಹತ್ತಿಸಿ ನೋಡು ಮಾರಾಯ.” ವೈರ್ ತೆಗೆದರೂ ಸರ್ವೋದ ಗೇರಿನ ಬಿಗಿಗೆ ಚಕ್ರ ಹೆಚ್ಚುಕಡಿಮೆ ನೇರ ನಿಲ್ಲುತ್ತದೆ, ನೇರ ಏರು ಹತ್ತಲು ಅಷ್ಟು ಸಾಕು. ಅವನ ಗಾಡಿ ಸಲೀಸಾಗಿ ಹತ್ತಿತು. ಇಎಸ್‌ಸಿ ಕೆಟ್ಟಿರಲಿಲ್ಲ, ಸರ್ವೋವೂ ಕೆಟ್ಟಿರಲಿಲ್ಲ. ಎರಡಕ್ಕೂ ಹೊಂದಾಣಿಕೆ ಇರಲಿಲ್ಲ, ಅಷ್ಟೇ.

ಮೀಟರಿನಲ್ಲಿ ನೋಡಬೇಕು ಅಂದರೆ ರಿಸೀವರಿನ ಖಾಲಿ ಚಾನೆಲ್ಲಿಗೆ ಮೀಟರಿನ ಕಡ್ಡಿ ಹಿಡಿಯಿರಿ. ನಡುವಿನ ಪಿನ್ ಪ್ಲಸ್, ಕಪ್ಪು ವೈರಿನ ಬದಿಯದು ಮೈನಸ್. ಗಾಡಿ ಸುಮ್ನೆ ಇರುವಾಗ 6 ವೋಲ್ಟ್ ತೋರಿಸುತ್ತದೆ ಅಂತ ಇಟ್ಟುಕೊಳ್ಳಿ. ಈಗ ಮುಂದಿನ ಚಕ್ರವನ್ನು ಕೈಯಲ್ಲಿ ಗಟ್ಟಿ ಹಿಡಿದು ಇನ್ನೊಬ್ಬರ ಹತ್ತಿರ ಸ್ಟೇರಿಂಗ್ ತಿರುಗಿಸಲು ಹೇಳಿ. ಒಂದೆರಡು ಸೆಕೆಂಡು ಸಾಕು, ಜಾಸ್ತಿ ಹಿಡಿದರೆ ಸರ್ವೋ ಸುಡುತ್ತದೆ. ಮೀಟರ್ 5ಕ್ಕಿಂತ ಕೆಳಗೆ ಇಳಿದರೆ ಸಂಶಯವೇ ಬೇಡ. ಸಾದಾ ಮೀಟರ್ ನಿಧಾನ, ನಿಜವಾದ ಕುಸಿತ ಅದು ತೋರಿಸುವುದಕ್ಕಿಂತ ಆಳ ಇರುತ್ತದೆ.

ಸರಿಪಡಿಸುವಾಗ ರಿಮೋಟಿನಿಂದ ಶುರು ಮಾಡಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ನಕಲ್ (ಮುಂದಿನ ಚಕ್ರವನ್ನು ಹಿಡಿದು ಎಡಬಲ ತಿರುಗುವ ತುಂಡು) ತನ್ನ ಮಿತಿಗೆ ಮುಟ್ಟಿದ ಮೇಲೂ ಸರ್ವೋ ಜುಂಯ್ ಅಂತ ತಳ್ಳುತ್ತಲೇ ಇದ್ದರೆ ಎಂಡ್ ಪಾಯಿಂಟ್ (ಸರ್ವೋ ಎಲ್ಲಿಯ ತನಕ ತಿರುಗಬೇಕು ಅನ್ನುವ ಸೆಟ್ಟಿಂಗ್) ಕಡಿಮೆ ಮಾಡಿ, ಆ ಸದ್ದು ನಿಲ್ಲುವ ತನಕ. ಎಷ್ಟೋ ಗಾಡಿಗಳಲ್ಲಿ ಇಷ್ಟಕ್ಕೇ ತೊಂದರೆ ಅರ್ಧ ಇಳಿಯುತ್ತದೆ.

ಆಮೇಲೂ ನಿಂತರೆ ಹೊರಗಿನ ಬಿಇಸಿ ಹಾಕಿ. ಬ್ಯಾಟರಿಯಿಂದ ನೇರ ಕರೆಂಟು ತೆಗೆದುಕೊಂಡು ಸರ್ವೋಗೆ ಮಾತ್ರ ಕೊಡುವ ಹಾಗೆ. ಸರ್ವೋದ ಕೆಂಪು ವೈರ್ ಹೊಸ ಬಿಇಸಿಗೆ, ಸಿಗ್ನಲ್ ವೈರ್ ರಿಸೀವರಿಗೆ, ಕಪ್ಪು ವೈರ್ ಎರಡಕ್ಕೂ. ಕಪ್ಪು ಎರಡೂ ಕಡೆ ಸೇರದಿದ್ದರೆ ಸಿಗ್ನಲ್ ಅರ್ಥವಾಗದೆ ಸರ್ವೋ ನಡುಗುತ್ತದೆ. ಎರಡು ಬಿಇಸಿಗಳ ಕೆಂಪು ವೈರನ್ನು ಯಾವತ್ತೂ ಒಂದಕ್ಕೊಂದು ಸೇರಿಸಬೇಡಿ. ಹೊಸ ಬಿಇಸಿಯ ವೋಲ್ಟೇಜನ್ನು ಸರ್ವೋ ಜೋಡಿಸುವ ಮೊದಲೇ ಮೀಟರಿನಲ್ಲಿ ಅಳೆಯಿರಿ, ಸರ್ವೋದ ಮೇಲೆ ಬರೆದ ಮಿತಿ ದಾಟಬಾರದು. 8.4 ವೋಲ್ಟ್ ತಾಳುವ ಸರ್ವೋವನ್ನು 2ಎಸ್ ಬ್ಯಾಟರಿಗೆ ನೇರ ಕೊಡಬಹುದು. 3ಎಸ್‌ಗೆ ಕೊಟ್ಟರೆ ಅಲ್ಲೇ ಸುಟ್ಟುಹೋಗುತ್ತದೆ.

ರಿಸೀವರಿಗೆ ಒಂದು ದೊಡ್ಡ ಕೆಪಾಸಿಟರ್ ಸಿಕ್ಕಿಸಿ ಅಂತ ಕೆಲವರು ಹೇಳುತ್ತಾರೆ. ಕ್ಷಣದ ಕುಸಿತಕ್ಕೆ ಅದು ಸಹಾಯ ಮಾಡುತ್ತದೆ. ಗುಂಡಿಯಲ್ಲಿ ಸಿಕ್ಕ ಟಯರನ್ನು ಎರಡು ಸೆಕೆಂಡು ತಳ್ಳುವ ಸರ್ವೋಗೆ ಅದು ಸಾಲದು. ನಾನು ಅದಕ್ಕೆ ದುಡ್ಡು ಹಾಕುವುದಿಲ್ಲ.

ಸ್ಟೇರಿಂಗ್ ಉಂಟು, ಎಳೆತ ಇಲ್ಲ

ಮೊದಲು ಬ್ಯಾಟರಿ ಬದಲಿಸಿ. ಗೊತ್ತಿರುವ ಒಳ್ಳೆ ಬ್ಯಾಟರಿಯಲ್ಲಿ ದೋಷ ಹೋದರೆ ಬೇರೇನೂ ಬಿಚ್ಚುವುದು ಬೇಡ. ಲಿಪೋ ಸೆಲ್ ಪೂರ್ತಿ ಚಾರ್ಜಿನಲ್ಲಿ 4.2 ವೋಲ್ಟ್ ಇರುತ್ತದೆ. ಭಾರ ಬಿದ್ದಾಗ 3.2ರ ಆಸುಪಾಸಿಗೆ ಇಳಿದರೆ ಹೆಚ್ಚಿನ ಇಎಸ್‌ಸಿಗಳು ಬ್ಯಾಟರಿ ಕಾಪಾಡಲು ಮೋಟಾರನ್ನು ಕಡಿತ ಮಾಡುತ್ತವೆ, ಸ್ಟೇರಿಂಗ್ ಬಿಡುತ್ತವೆ. ಹಳೆ ಬ್ಯಾಟರಿ ಸುಮ್ನೆ ಇಟ್ಟಾಗ 7.8 ತೋರಿಸಿ, ಏರಿನಲ್ಲಿ 6.4ಕ್ಕೆ ಬಿದ್ದು, ನೆಲಕ್ಕೆ ತಂದ ಕೂಡಲೇ ಮತ್ತೆ 7.7ಕ್ಕೆ ಏರುತ್ತದೆ. ಮನೆಯಲ್ಲಿ ಅಳೆದರೆ ತಪ್ಪು ಸಿಗದೇ ಇರುವುದು ಇದಕ್ಕೇ. ಸೆಲ್ ಚೆಕರನ್ನು ಬ್ಯಾಲೆನ್ಸ್ ಪ್ಲಗ್ಗಿಗೆ (ಬ್ಯಾಟರಿಯ ಪ್ರತಿ ಸೆಲ್ಲಿನಿಂದ ವೈರ್ ಬರುವ ಸಣ್ಣ ಬಿಳಿ ಪ್ಲಗ್) ಸಿಕ್ಕಿಸಿಕೊಂಡೇ ಗಾಡಿಯನ್ನು ಏರಿಸಿ. ಭಾರದಲ್ಲಿ ಒಂದು ಸೆಲ್ ಮಾತ್ರ ಉಳಿದವುಗಳಿಗಿಂತ ಕೆಳಗೆ ಬೀಳುತ್ತಿದ್ದರೆ ಆ ಬ್ಯಾಟರಿಯ ಆಯಸ್ಸು ಮುಗಿದಿದೆ.

ಬ್ಯಾಟರಿ ಸರಿ ಇದ್ದರೆ ಕನೆಕ್ಟರ್. ಐದು ನಿಮಿಷ ಏರು ಹತ್ತಿಸಿ, ಕೂಡಲೇ ಬ್ಯಾಟರಿ ಕನೆಕ್ಟರನ್ನು ಬೆರಳಿನಿಂದ ಮುಟ್ಟಿ. ಬೆಚ್ಚಗೆ ಇದ್ದರೆ ಚಿಂತೆ ಇಲ್ಲ. ಬಿಸಿ ಇದ್ದರೆ ಅಲ್ಲಿ ತಡೆ ಇದೆ. ಲೆಕ್ಕ ನೋಡಿ: ಕನೆಕ್ಟರಿನಲ್ಲಿ ಬರೀ 0.05 ಓಮ್ ತಡೆ ಇದ್ದು 20 ಆಂಪಿಯರ್ ಹರಿದರೆ 1 ವೋಲ್ಟ್ ಅಲ್ಲೇ ನಷ್ಟ, 20 ವಾಟ್ ಅಲ್ಲೇ ಬಿಸಿ. ಅಂಗಳದಲ್ಲಿ 3 ಆಂಪಿಯರ್ ಹರಿಯುವಾಗ ಅದೇ ತಡೆ ನುಂಗುವುದು 0.15 ವೋಲ್ಟ್ ಮಾತ್ರ, ಗೊತ್ತೇ ಆಗುವುದಿಲ್ಲ.

ಎಲ್ಲಿ ತಡೆ ಅಂತ ಹುಡುಕಲು ಮೀಟರನ್ನು 2 ವೋಲ್ಟ್ ಡಿಸಿಗೆ ಇಡಿ. ಒಂದು ಕಡ್ಡಿ ಕನೆಕ್ಟರಿನ ಬ್ಯಾಟರಿ ಬದಿಯ ಕೆಂಪು ಬೆಸುಗೆಗೆ, ಇನ್ನೊಂದು ಇಎಸ್‌ಸಿ ಬದಿಯ ಕೆಂಪು ಬೆಸುಗೆಗೆ. ಗಾಡಿಯನ್ನು ಗೋಡೆಗೆ ಒತ್ತಿ ಹಿಡಿದು ಸ್ವಲ್ಪ ಥ್ರಾಟಲ್ ಕೊಡಿ. ಮೀಟರ್ ಸೊನ್ನೆಯ ಹತ್ತಿರ ಇರಬೇಕು. 0.2, 0.3 ಅಂತ ಏರಿದರೆ ಅಪರಾಧಿ ಸಿಕ್ಕಿದ. ಕಪ್ಪು ವೈರಿನ ಕಡೆಗೂ ಹೀಗೇ ಮಾಡಿ. ಆ ಜಾಗದ ಹೀಟ್ ಶ್ರಿಂಕ್ (ಬೆಸುಗೆ ಮುಚ್ಚುವ ಪ್ಲಾಸ್ಟಿಕ್ ಕೊಳವೆ) ಕತ್ತರಿಸಿ ನೋಡಿದರೆ ನಮ್ಮ ಊರಿನ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು ಕಪ್ಪಾದ, ಕೆಲವೊಮ್ಮೆ ಹಸಿರು ಪುಡಿ ಹಿಡಿದ ತಾಮ್ರದ ಎಳೆಗಳು. ಅದರ ಮೇಲೆ ಬೆಸುಗೆ ನಿಲ್ಲುವುದಿಲ್ಲ. ಹೊಳೆಯುವ ತಾಮ್ರ ಸಿಗುವ ತನಕ ವೈರ್ ಕತ್ತರಿಸಿ, ಹೊಸದಾಗಿ ಬೆಸುಗೆ ಹಾಕಿ.

ಇಎಸ್‌ಸಿಯ ಜಂಪರ್ (ಬ್ಯಾಟರಿಯ ಬಗೆ ಆರಿಸುವ ಸಣ್ಣ ಪ್ಲಗ್) ಲಿಪೋಗೆ ಇದೆಯಾ ಅಂತಲೂ ಒಮ್ಮೆ ನೋಡಿ. ಎನ್‌ಐಎಂಎಚ್‌ಗೆ (ನಿಕಲ್ ಬ್ಯಾಟರಿ) ಇಟ್ಟು ಲಿಪೋ ಓಡಿಸಿದರೆ ಸರಿಯಾದ ಕಡಿತ ಸಿಗುವುದಿಲ್ಲ, ಸೆಲ್ ಹಾಳಾಗುತ್ತದೆ.

ಇನ್ನು ಬಿಸಿ. ಟಯರ್ ದೊಡ್ಡದು ಮಾಡಿದವರು ಪಿನಿಯನ್ (ಮೋಟಾರ್ ಶಾಫ್ಟಿನ ಮೇಲಿನ ಚಿಕ್ಕ ಗೇರ್) ಬದಲಿಸಲು ಮರೆಯುತ್ತಾರೆ. 100 ಮಿ.ಮೀ. ಟಯರ್ ತೆಗೆದು 120 ಮಿ.ಮೀ. ಹಾಕಿದರೆ ಮೋಟಾರಿನ ಮೇಲಿನ ಭಾರ 20 ಶೇಕಡ ಏರುತ್ತದೆ. ಮೊದಲು 14 ಹಲ್ಲಿನ ಪಿನಿಯನ್ ಇದ್ದರೆ ಈಗ 12 ಹಲ್ಲಿನದು ಬೇಕು. ಹಿತ್ತಾಳೆ ತೂಕ, ಮೇಲಿನ ರ‍್ಯಾಕ್, ಬಿಡಿ ಟಯರ್ ಅಂತ ಅಲಂಕಾರ ಸೇರಿಸಿದರೆ ಇನ್ನೂ ಭಾರ. ನಿಧಾನಕ್ಕೆ ತಿರುಗುವ ಮೋಟಾರಿಗೆ ಗಾಳಿಯೂ ಸಿಗುವುದಿಲ್ಲ. ಮೋಟಾರಿನ ಮೈ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪಿನಿಯನ್ ಚಿಕ್ಕದು ಮಾಡಲೇಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಬೆರಳು ಎರಡು ಮೂರು ಸೆಕೆಂಡು ನಿಲ್ಲುತ್ತದಾ ನೋಡಿ, ನಿಲ್ಲದಿದ್ದರೆ ಹಾಗೇ ಮುಂದುವರಿಸಬೇಡಿ. 35 ಸುತ್ತಿನ (ಒಳಗಿನ ತಂತಿಯ ಸುತ್ತಿನ ಲೆಕ್ಕ) ಮೋಟಾರ್ ತೆಗೆದು 45 ಅಥವಾ 55 ಸುತ್ತಿನದು ಹಾಕಿದರೂ ಕರೆಂಟು ಕಡಿಮೆಯಾಗುತ್ತದೆ. ವೇಗ ಇಳಿಯುತ್ತದೆ, ಬಂಡೆಗೆ ವೇಗ ಬೇಕಾಗಿಲ್ಲ.

ಗಾಡಿ ನಿಂತಿದೆ, ಚಕ್ರವನ್ನು ಬೆರಳಿನಿಂದ ಚೂರು ತಳ್ಳಿದರೆ ಮತ್ತೆ ಹೊರಡುತ್ತದೆ ಅನ್ನುವ ಲಕ್ಷಣ ಬೇರೆ. ಅದು ಮೋಟಾರಿನ ಒಳಗಿನ ಬ್ರಶ್ ಸವೆದದ್ದು ಅಥವಾ ಬ್ರಶ್ ಉಜ್ಜುವ ತಾಮ್ರದ ಬಳೆಯ, ಅಂದರೆ ಕಮ್ಯುಟೇಟರಿನ, ಒಂದು ತುಂಡು ಸತ್ತದ್ದು. ಇಡೀ ಬರಹದಲ್ಲಿ ಮೋಟಾರ್ ಕೆಟ್ಟಿದೆ, ಬದಲಿಸಿ ಅಂತ ನಾನು ಹೇಳುವುದು ಇದೊಂದಕ್ಕೇ.

ಮೋಟಾರ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ

ಕರೆಕ್ಷನ್ ಪೆನ್ ಈಗ ತೆಗೆಯಿರಿ. ಪಿನಿಯನ್ನಿನಿಂದ ಮೋಟಾರ್ ಶಾಫ್ಟಿನ ತುದಿಗೆ ಅಡ್ಡ ಒಂದು ಬಿಳಿ ಗೆರೆ ಎಳೆಯಿರಿ. ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿಗೂ ಡ್ರೈವ್ ಶಾಫ್ಟಿನ ಯೋಕಿಗೂ (ತುದಿಯ ಕವಲು ತುಂಡು) ಅಡ್ಡ ಇನ್ನೊಂದು. ಆಕ್ಸಲ್ ಒಳಹೋಗುವ ಕಡೆ ಒಂದು. ನಾಲ್ಕೂ ಚಕ್ರದ ನಟ್ಟಿಗೂ ಆಕ್ಸಲ್ ತುದಿಗೂ ಒಂದೊಂದು. ಒಣಗಲು ಬಿಡಿ. ಈಗ ಅದೇ ಕಲ್ಲು ಹತ್ತಿಸಿ, ಮತ್ತೆ ನಿಂತ ಮೇಲೆ ಗೆರೆಗಳನ್ನು ನೋಡಿ. ಎಲ್ಲಿ ಗೆರೆ ಮುರಿದು ಎರಡು ತುಂಡು ಆಚೀಚೆ ಸರಿದಿದೆಯೋ ಅಲ್ಲೇ ಹಿಡಿತ ತಪ್ಪಿದೆ. ಕಣ್ಣಿಗೆ ಬಿಗಿಯಾಗಿಯೇ ಕಾಣುವ, ಕೈಯಲ್ಲಿ ತಿರುಗಿಸಿದರೂ ಜಾರದ ಜೋಡಣೆ ಭಾರ ಬಿದ್ದಾಗ ಮಾತ್ರ ಜಾರುತ್ತದೆ. ಅದನ್ನು ಹಿಡಿಯಲು ಇದಕ್ಕಿಂತ ಒಳ್ಳೆ ಉಪಾಯ ನನಗೆ ಸಿಕ್ಕಿಲ್ಲ.

ಜಾರುವುದು ಹೆಚ್ಚಾಗಿ ಗ್ರಬ್ ಸ್ಕ್ರೂ. ಅದನ್ನು ಪೂರ್ತಿ ಹೊರಗೆ ತೆಗೆಯಿರಿ. ತುದಿ ದುಂಡಗೆ ಸವೆದಿದ್ದರೆ ಎಸೆದು ಹೊಸದು ಹಾಕಿ. ಶಾಫ್ಟಿನ ಚಪ್ಪಟೆ ಬದಿಗೇ ಅದು ಕೂರಬೇಕು, ದುಂಡು ಬದಿಗೆ ಕೂತರೆ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ. ಸ್ಕ್ರೂವನ್ನೂ ತೂತನ್ನೂ ಎಣ್ಣೆ ಪಸೆ ಇಲ್ಲದ ಹಾಗೆ ಒರೆಸಿ, ನೀಲಿ ಥ್ರೆಡ್ ಲಾಕರ್ ಒಂದು ಹನಿ ಹಾಕಿ ಬಿಗಿ ಮಾಡಿ, ರಾತ್ರಿಯಿಡೀ ಬಿಡಿ. ಲೋಹಕ್ಕೆ ಲೋಹ ಸೇರುವ ಕಡೆ ಮಾತ್ರ ಥ್ರೆಡ್ ಲಾಕರ್ ಹಾಕಿ. ಪ್ಲಾಸ್ಟಿಕ್ಕಿಗೆ ತಗುಲಿದರೆ ಕೆಲವು ಬಗೆಯ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ.

ಗೆರೆ ಎಲ್ಲೂ ಮುರಿದಿಲ್ಲ, ಆದರೂ ಚಕ್ರ ನಿಲ್ಲುತ್ತದೆ ಅಂದರೆ ಒಳಗೆ ಹೋಗಬೇಕು. ಆಕ್ಸಲ್ ಎತ್ತಿ ಒಂದು ಚಕ್ರ ಕೈಯಲ್ಲಿ ತಿರುಗಿಸಿ. ಲಾಕ್ ಆದ ಆಕ್ಸಲ್‌ನಲ್ಲಿ ಆಚೆ ಚಕ್ರವೂ ಅದೇ ದಿಕ್ಕಿಗೆ ತಿರುಗಬೇಕು. ತಿರುಗದಿದ್ದರೆ ಒಳಗಿನ ಶಾಫ್ಟ್ ತುಂಡಾಗಿದೆ ಅಥವಾ ಚಕ್ರದ 12 ಮಿ.ಮೀ. ಹೆಕ್ಸ್ ಹಿಡಿಯುವ ಸಣ್ಣ ಪಿನ್ ಬಿದ್ದಿದೆ. ಆ ಪಿನ್ ಬೀಳುವುದು ತುಂಬ ಸಾಮಾನ್ಯ. ಟಯರ್ ಬದಲಿಸುವಾಗ ಹುಲ್ಲಿನಲ್ಲಿ ಬಿದ್ದು ಹೋಗಿರುತ್ತದೆ, ಗೊತ್ತೇ ಆಗಿರುವುದಿಲ್ಲ. ಆಚೆ ಚಕ್ರ ವಿರುದ್ಧ ದಿಕ್ಕಿಗೆ ತಿರುಗಿದರೆ ಡಿಫ್ ಲಾಕ್ (ಎರಡೂ ಚಕ್ರವನ್ನು ಒಟ್ಟಿಗೆ ತಿರುಗುವ ಹಾಗೆ ಕಟ್ಟುವ ಭಾಗ) ಬಿಟ್ಟಿದೆ. ಟಿಆರ್‌ಎಕ್ಸ್-4ನಂತೆ ರಿಮೋಟಿನಿಂದ ಲಾಕ್ ಮಾಡುವ ಗಾಡಿಯಾದರೆ ಆ ಸರ್ವೋ ಕೇಬಲ್ ನೋಡಿ.

ಸದ್ದಿಗೂ ಕಿವಿ ಕೊಡಿ. ಭಾರದಲ್ಲಿ ಟಕ್ ಟಕ್ ಅಂತ ನಿಧಾನಕ್ಕೆ, ಚಕ್ರದ ಹತ್ತಿರದಿಂದ ಬಂದರೆ ಆಕ್ಸಲ್ ಒಳಗಿನ ರಿಂಗ್ ಗೇರ್ ಹಲ್ಲು ಹಾರುತ್ತಿದೆ. ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಗೇರನ್ನು ಹತ್ತಿರ ತರಬೇಕು. ಕಟಕಟ ಅಂತ ವೇಗವಾಗಿ ಮೋಟಾರಿನ ಹತ್ತಿರದಿಂದ ಬಂದರೆ ಪಿನಿಯನ್ ಮತ್ತು ಅದು ತಿರುಗಿಸುವ ದೊಡ್ಡ ಗೇರ್, ಅಂದರೆ ಸ್ಪರ್, ದೂರ ಆಗಿವೆ. ಎರಡರ ನಡುವೆ ನೋಟ್‌ಬುಕ್ಕಿನ ಕಾಗದದ ಒಂದು ಪಟ್ಟಿ ಇಟ್ಟು ಒತ್ತಿ ಬಿಗಿ ಮಾಡಿ, ಆಮೇಲೆ ಕಾಗದ ತಿರುಗಿಸಿ ಹೊರತೆಗೆಯಿರಿ. ಕಾಗದ ಹರಿಯದೆ ಮಡಿಕೆ ಬಿದ್ದು ಬಂದರೆ ಸರಿ. ಸದ್ದೇ ಇಲ್ಲದೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಸ್ಲಿಪ್ಪರ್ ಕ್ಲಚ್ (ಭಾರ ಮೀರಿದಾಗ ಬೇಕಂತಲೇ ಜಾರುವ ಭಾಗ) ಸಡಿಲ.

ಲಿಂಕ್ (ಆಕ್ಸಲನ್ನು ಚಾಸಿಗೆ ಜೋಡಿಸುವ ಸರಳು) ಉದ್ದ ಮಾಡಿ, ಸಸ್ಪೆನ್ಷನ್ ಎತ್ತರ ಮಾಡಿದವರು ಇನ್ನೊಂದು ನೋಡಬೇಕು. ಪಿನಿಯನ್ ಬಿಡಿಸಿ, ಒಂದು ಮುಂದಿನ ಚಕ್ರವನ್ನೂ ಅದರ ಎದುರು ಮೂಲೆಯ ಹಿಂದಿನ ಚಕ್ರವನ್ನೂ ಇಟ್ಟಿಗೆ ಮೇಲೆ ಇಟ್ಟು ಗಾಡಿಯನ್ನು ಕೈಯಲ್ಲಿ ತಳ್ಳಿ. ಪೂರ್ತಿ ಓರೆಯಾದಾಗ ಮಾತ್ರ ಬಿಗಿ ಆಗುತ್ತದಾ? ಹಾಗಿದ್ದರೆ ಡ್ರೈವ್ ಶಾಫ್ಟಿನ ಕೋನ ಜಾಸ್ತಿಯಾಗಿ ಯೋಕ್ ಉಜ್ಜುತ್ತಿದೆ, ಅಥವಾ ಶಾಫ್ಟ್ ಒಳಗೆ ಜಾರಲು ಜಾಗ ಸಾಲುತ್ತಿಲ್ಲ. ಎತ್ತರ ಸ್ವಲ್ಪ ಇಳಿಸುವುದೇ ಮದ್ದು.

ಸಿಗ್ನಲ್

ಇದರ ಮೇಲೆ ಎಲ್ಲರಿಗೂ ಅನುಮಾನ, ಅಪರಾಧಿ ಆಗಿರುವುದು ಮಾತ್ರ ಅಪರೂಪ. ನಿಮ್ಮ ಕಾಲ ಬುಡದಲ್ಲೇ ಗಾಡಿ ಸಾಯುತ್ತಿದ್ದರೆ ಸಿಗ್ನಲ್ ಕಾರಣವಲ್ಲ. ದೂರ ಹೋದಾಗ ಅಥವಾ ಬಂಡೆಯ ಮರೆಗೆ ಹೋದಾಗ ಮಾತ್ರ ಸತ್ತರೆ ಆಂಟೆನಾ ನೋಡಿ. ಅದನ್ನು ಸುರುಳಿ ಸುತ್ತಿ ಹಿತ್ತಾಳೆ ತೂಕದ ಪಕ್ಕ ತುರುಕಿರಬಾರದು. ತುದಿಯ 3 ಸೆಂ.ಮೀ. ಲೋಹದಿಂದ ದೂರ, ನೇರವಾಗಿ ಮೇಲೆ ನಿಲ್ಲಲಿ. ನೀರಿನೊಳಗೆ 2.4 ಗಿಗಾಹರ್ಟ್ಸ್ ಹೋಗುವುದೇ ಇಲ್ಲ ಅನ್ನಬಹುದು, ಹಳ್ಳ ದಾಟುವವರು ಆಂಟೆನಾವನ್ನು ಬಾಡಿಯ ಮೇಲ್ಭಾಗಕ್ಕೆ ಒಯ್ಯಬೇಕು.

ಉಪ್ಪು

ಕಾಪುವಿನಲ್ಲೋ ಸೋಮೇಶ್ವರದಲ್ಲೋ ಒಂದು ಸಂಜೆ ಓಡಿಸಿ, ಒರೆಸಿ ಇಟ್ಟ ಗಾಡಿ ಎರಡು ವಾರದ ಮೇಲೆ ಪಾದೆಯಲ್ಲಿ ನಿಲ್ಲುತ್ತದೆ. ಆ ಸಂಜೆಗೂ ಈ ದೋಷಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ಸಮುದ್ರದ ಉಪ್ಪು ಒಣಗಿದ ಮೇಲೂ ಸುಮ್ನೆ ಇರುವುದಿಲ್ಲ. ಗಾಳಿಯ ತೇವ 75 ಶೇಕಡ ದಾಟಿದರೆ ಅದು ತೇವ ಹೀರಿ ಮತ್ತೆ ನೀರಾಗುತ್ತದೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಹೆಚ್ಚುಕಡಿಮೆ ಯಾವಾಗಲೂ ಅದಕ್ಕಿಂತ ಮೇಲೆಯೇ. ಅಂದರೆ ಕಪಾಟಿನೊಳಗೆ ಇಟ್ಟ ಗಾಡಿಯ ಕನೆಕ್ಟರಿನಲ್ಲಿ, ಬೇರಿಂಗಿನಲ್ಲಿ, ಮೋಟಾರಿನ ಒಳಗೆ ಉಪ್ಪುನೀರು ದಿನವೂ ಕೆಲಸ ಮಾಡುತ್ತಲೇ ಇರುತ್ತದೆ.

ಅದಕ್ಕೆ ಒರೆಸುವುದು ಸಾಲದು, ತೊಳೆಯಬೇಕು. ಬ್ಯಾಟರಿ ತೆಗೆದು, ವಾಟರ್‌ಪ್ರೂಫ್ ಇಎಸ್‌ಸಿ ಮತ್ತು ಸರ್ವೋ ಇರುವ ಗಾಡಿಯನ್ನು ಅದೇ ದಿನ ಬಾವಿಯ ಅಥವಾ ನಲ್ಲಿಯ ಸಿಹಿನೀರಿನಲ್ಲಿ ನಿಧಾನಕ್ಕೆ ತೊಳೆಯಿರಿ, ಪೈಪಿನ ಜೋರು ನೀರು ಬೇಡ. ಚಕ್ರ ಬಿಚ್ಚಿ. ಟಯರಿನ ಒಳಗಿನ ಸ್ಪಂಜನ್ನು ಹಿಂಡಿ, ಅದರಲ್ಲಿ ನೀರು ನಿಂತರೆ ಗಾಡಿಯ ತೂಕವೂ ಏರುತ್ತದೆ. ಫ್ಯಾನಿನ ಗಾಳಿಗೆ ಒಣಗಿಸಿ. ಕನೆಕ್ಟರ್ ಮತ್ತು ರಿಸೀವರ್ ಪಿನ್ನುಗಳಿಗೆ ತೆಳುವಾಗಿ ಸಿಲಿಕಾನ್ ಗ್ರೀಸ್ ಹಚ್ಚಿ. ಆಕ್ಸಲ್ ಒಳಗಿನ ಗೇರಿಗೆ ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ ದೋಣಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಮರೀನ್ ಗ್ರೀಸ್ ತುಂಬ ಚೆನ್ನಾಗಿ ನಿಲ್ಲುತ್ತದೆ.

ಬೇರಿಂಗ್ ಪರೀಕ್ಷೆ ಬೆರಳಿನಲ್ಲೇ ಆಗುತ್ತದೆ. ಹೊರಗೆ ತೆಗೆದು ಕಿರುಬೆರಳಿಗೆ ಹಾಕಿ ತಿರುಗಿಸಿ. ಮರಳು ಅರೆದ ಹಾಗೆ ಅನಿಸಿದರೆ ಎಣ್ಣೆ ಬಿಟ್ಟು ಉಳಿಸಲು ಹೋಗಬೇಡಿ. ಅಂಗಡಿಯಲ್ಲಿ ಆರ್‌ಸಿ ಬೇರಿಂಗ್ ಅಂತ ಕೇಳುವುದಕ್ಕಿಂತ ನಂಬರ್ ಹೇಳಿ: 5×10×4 ಮಿ.ಮೀ.ಗೆ ಎಂಆರ್105, 5×11×4ಕ್ಕೆ ಎಂಆರ್115, 10×15×4ಕ್ಕೆ 6700. ಜೊತೆಗೆ 2ಆರ್‌ಎಸ್ ಅಂತ ಹೇಳಿ, ಅಂದರೆ ಎರಡೂ ಬದಿಗೆ ರಬ್ಬರ್ ಮುಚ್ಚಳ. ಲೋಹದ ಮುಚ್ಚಳದ ಜೆಡ್‌ಜೆಡ್ ಬೇರಿಂಗಿಗೆ ಮುರಕಲ್ಲಿನ ಕೆಂಪು ಕೆಸರು ಸುಲಭವಾಗಿ ಒಳನುಗ್ಗುತ್ತದೆ.

ನಿಲ್ಲುವುದಿಲ್ಲ, ಮಗುಚುತ್ತದೆ

ಏರಿನಲ್ಲಿ ಥ್ರಾಟಲ್ ಕೊಟ್ಟ ಕೂಡಲೇ ಬಾಡಿ ಒಂದು ಬದಿಗೆ ವಾಲಿ, ಆಚೆ ಬದಿಯ ಮುಂದಿನ ಚಕ್ರ ಎದ್ದು ಗಾಡಿ ಮಗುಚುವುದು ದೋಷವಲ್ಲ, ಸೆಟ್ಟಿಂಗ್. ಡ್ರೈವ್ ಶಾಫ್ಟ್ ತಿರುಗುವ ಬಲಕ್ಕೆ ಚಾಸಿ ತಿರುಚುತ್ತದೆ. ಹಿಂದಿನ ಸ್ಪ್ರಿಂಗ್ ಸ್ವಲ್ಪ ಗಟ್ಟಿ ಮಾಡಿ, ಬ್ಯಾಟರಿಯನ್ನು ಮುಂದಕ್ಕೂ ಕೆಳಕ್ಕೂ ತನ್ನಿ. ಒಟ್ಟು ತೂಕದ 55ರಿಂದ 60 ಶೇಕಡ ಮುಂದಿನ ಆಕ್ಸಲ್ ಮೇಲೆ ಇದ್ದರೆ ಗಾಡಿ ಚೆನ್ನಾಗಿ ಹತ್ತುತ್ತದೆ. ಮುಂದೆ ಎರಡು ಚಕ್ರ, ಹಿಂದೆ ಎರಡು ಚಕ್ರ ಬೇರೆ ಬೇರೆ ತಕ್ಕಡಿ ಮೇಲೆ ಇಟ್ಟು ತೂಗಿದರೆ ಗೊತ್ತಾಗುತ್ತದೆ. ಭಾರವನ್ನು ನಕಲ್ ಮತ್ತು ಚಕ್ರದ ಒಳಗೆ ಹಾಕಿ, ಬಾಡಿಯ ಮೇಲೆ ಬೇಡ.

ಸರಿಯಾಯಿತಾ ಅಂತ ನೋಡುವುದು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಸರ್ವೋ ವೈರಿಂಗ್, ಪಿನಿಯನ್, ಸ್ಪ್ರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕು. ಆಮೇಲೆ ಅದೇ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಗಾಡಿ ನಿಂತಿದ್ದ ಅದೇ ಕಲ್ಲಿಗೆ, ಅದೇ ದಿಕ್ಕಿನಿಂದ ಹತ್ತಿಸಿ. ಬಿಳಿ ಗೆರೆಗಳನ್ನು ಅಳಿಸಬೇಡಿ, ಹಾಗೇ ಇರಲಿ. ಪ್ರತಿ ಸಲ ಓಡಿಸಿ ಬಂದ ಮೇಲೆ ಒಂದು ನೋಟ ಹಾಯಿಸಿದರೆ ಯಾವ ಸ್ಕ್ರೂ ಸಡಿಲವಾಗುತ್ತಿದೆ ಅಂತ ಅದು ಜಾರುವ ಮೊದಲೇ ಕಾಣುತ್ತದೆ.